ಮನೆಯ ಫ್ಯೂಸು ಪೆಟ್ಟಿಗೆ: ಲೋಹ, ಪ್ಲಾಸ್ಟಿಕ್ ಮತ್ತು ಅಗ್ನಿಭಯ

ಕುಂದಗೋಳ ತಾಲ್ಲೂಕಿನ ಕುಬಿಹಾಳವು ಧಾರವಾಡ ಜಿಲ್ಲೆಯ ಎರೆಭೂಮಿಯ ಹಳ್ಳಿಗಳಲ್ಲೊಂದು. ಈ ಸೀಮೆಯ ಹಳೆಯ ಮನೆಗಳ ರಚನೆಯು ವಾಚಕರಿಗೆ ಪರಿಚಿತವಾದದ್ದೇ. ದಪ್ಪನೆಯ ಮಣ್ಣಿನ ಗೋಡೆ. ಮರದ ಕಂಬ, ತೊಲೆ, ಜಂತೆಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆ. ಬಾಗಿಲಿನ ಒಳಗೆ ದನಗಳನ್ನು ಕಟ್ಟುವ ಸ್ಥಳ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಮಾರಾಟಕ್ಕೆ ಹೋಗುವವರೆಗೆ ಹತ್ತಿಯೂ, ದನಗಳ ಮೇವಿಗೆಂದು ಜೋಳದ ಕಣಿಕೆಯೂ ಮನೆಯಲ್ಲಿ ಅಥವಾ ಮನೆಯ ಮಗ್ಗುಲಲ್ಲಿಯೇ ಇರುವುದುಂಟು. ಇಂಥ ಮನೆಗಳಿಗೆ ವಿದ್ಯುತ್ತು ಬಂದಾಗ ಮೀಟರೂ ಫ್ಯೂಸುಗಳೂ ಸಾಮಾನ್ಯವಾಗಿ ಮರದ ಹಲಗೆಯೊಂದರ ಮೇಲೆ ನೆಲಸಿದವು. ಈಚೆಗೆ ಹಳೆಯ ಪಿಂಗಾಣಿ ಫ್ಯೂಸುಗಳನ್ನು ತೆಗೆದು ಪ್ಲಾಸ್ಟಿಕ್ಕಿನ ಇಲ್ಲವೆ ತಗಡಿನ ಪೆಟ್ಟಿಗೆಗಳನ್ನು ಕೂಡಿಸುವ ಕಾರ್ಯ ಎಲ್ಲೆಡೆಯೂ ನಡೆದಿದೆ. ಇವೆರಡರಲ್ಲಿ ಯಾವುದು ಬೆಂಕಿಯಿಂದ ಹೆಚ್ಚು ರಕ್ಷಣೆ ನೀಡುತ್ತದೆ, ಆ ರಕ್ಷಣೆಯು ಯಾವ ನಿಬಂಧನೆಗೆ ಒಳಪಟ್ಟಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಮೊದಲು ಬೆಂಕಿ ಹುಟ್ಟುವ ಬಗೆಯನ್ನು ನೋಡೋಣ. ಎರಡು ತಂತಿಗಳು ಒಂದನ್ನೊಂದು ತಾಕಿ ಅತಿಯಾದ ಪ್ರವಾಹ ಹರಿದಾಗಲೇ ಬೆಂಕಿ ಹತ್ತುತ್ತದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅಂಥ ಪ್ರವಾಹವನ್ನು ತಡೆಯುವುದಕ್ಕಾಗಿಯೇ ಫ್ಯೂಸು ಇರುತ್ತದೆ. ತಂತಿ ಕರಗಿ ಮಂಡಲವು ಕಡಿದುಹೋಗುತ್ತದೆ. ಪೆಟ್ಟಿಗೆಯೊಳಗಿನ ಬೆಂಕಿಗೆ ಬಹುಮಟ್ಟಿಗೆ ಕಾರಣವಾಗುವುದು ಸಡಿಲವಾದ ಸಂಧಿ, ಎಂದರೆ ತಿರುಪಿನ ಕೆಳಗೆ ಸರಿಯಾಗಿ ಬಿಗಿಯದ ತಂತಿ. ಇಲ್ಲಿ ಪ್ರವಾಹವು ಮಿತಿ ಮೀರುವುದಿಲ್ಲವಾದ್ದರಿಂದ ಫ್ಯೂಸಿಗೆ ಇದರ ಸುಳಿವೇ ಹತ್ತುವುದಿಲ್ಲ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ನೀರು ಕಾಯಿಸುವ ಉಪಕರಣ, ಇಸ್ತ್ರಿ ಪೆಟ್ಟಿಗೆ ಮೊದಲಾದವುಗಳು ಏಕಕಾಲಕ್ಕೆ ನಡೆಯುವಾಗ ಒಂದು ಮನೆಯಲ್ಲಿ 12 ಆಂಪಿಯರ್ ಪ್ರವಾಹವಿದೆಯೆಂದು ಭಾವಿಸೋಣ. ಬಿಗಿಯಾದ ಸಂಧಿಯ ರೋಧವು ಓಮಿನ ಸಾವಿರದ ಒಂದೆರಡು ಭಾಗದಷ್ಟಿದ್ದರೆ ಅಲ್ಲಿ ಹುಟ್ಟುವ ಶಾಖವು ಅರ್ಧ ವ್ಯಾಟಿಗೂ ಕಡಿಮೆ. ಸಂಧಿ ಸಡಿಲಾಗಿ ರೋಧವು 0.2 ಓಮಿಗೆ ಏರಿತೆನ್ನಿ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸುಮಾರು 29 ವ್ಯಾಟ್ ಆಗುತ್ತದೆ. ರೇಡಿಯೋ ದುರಸ್ತಿ ಮಾಡುವವರು 25 ವ್ಯಾಟಿನ ಬೆಸುಗೆಕೋಲಿನಿಂದ ಲೋಹದ ಬೆಸುಗೆಯನ್ನು ಕರಗಿಸುತ್ತಾರೆ. ಅಂಥದೊಂದು ಕೋಲನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಂತೆಯೇ ಇದು. ಮನೆಯವರಿಗೆ ತೋರುವ ವ್ಯತ್ಯಾಸವಾದರೂ 230 ವೋಲ್ಟಿನಲ್ಲಿ ಎರಡೂವರೆ ವೋಲ್ಟಿನಷ್ಟು ಇಳಿತ ಮಾತ್ರ. ದೀಪದ ಬೆಳಕಿನಲ್ಲಿ ಅದು ಗೊತ್ತಾಗಲಾರದು.

ಬಿಸಿಯಿಂದ ಸಂಧಿಯು ಇನ್ನಷ್ಟು ಕೆಡುತ್ತದೆ. ಕಾದಾಗ ಹಿಗ್ಗಿ ಆರಿದಾಗ ಕುಗ್ಗುವ ತಂತಿಯು ತಿರುಪಿನ ಹಿಡಿತದಿಂದ ಬರಬರುತ್ತ ಜಾರುತ್ತದೆ. ಲೋಹದ ಮೇಲೆ ಆಕ್ಸೈಡಿನ ಪೊರೆ ಕಟ್ಟಿ ರೋಧ ಬೆಳೆಯುತ್ತದೆ. ಕಂಬದಿಂದ ಮನೆಗೆ ಬರುವ ತಂತಿಯು ಹಳ್ಳಿಗಳಲ್ಲಿ ಹೆಚ್ಚಾಗಿ ಅಲ್ಯುಮಿನಿಯಮ್ಮಿನದು. ಈ ಲೋಹವು ತಾಮ್ರಕ್ಕಿಂತ ಸುಮಾರು ಮೂರರಲ್ಲೊಂದು ಪಾಲು ಹೆಚ್ಚಾಗಿ ಹಿಗ್ಗುತ್ತದೆ. ಅದರ ಆಕ್ಸೈಡು ವಿದ್ಯುತ್ತನ್ನು ಹರಿಯಗೊಡದ ವಸ್ತು. ಆದಕಾರಣ ಪೆಟ್ಟಿಗೆಯ ಬಾಯಲ್ಲಿರುವ ಮೊದಲನೆಯ ಸಂಧಿಯೇ ಎಲ್ಲಕ್ಕಿಂತ ಅಪಾಯಕಾರಿ. ಒಂದು ದೀಪಕ್ಕೆಂದು ಭಾಗ್ಯಜ್ಯೋತಿ ಯೋಜನೆಯಲ್ಲಿ ಎಳೆದ ತಂತಿಯ ಮೇಲೆ ಮಿಕ್ಸಿ, ಶೀತಪೆಟ್ಟಿಗೆಗಳ ಭಾರವನ್ನು ಹೇರಿದಲ್ಲಿ ಈ ಅಪಾಯವು ಮತ್ತೂ ಹೆಚ್ಚುವುದು.

ಈಗ ಪೆಟ್ಟಿಗೆಯ ದ್ರವ್ಯಕ್ಕೆ ಬರೋಣ. ಪಿಂಗಾಣಿಯು ಉರಿಯುವುದಿಲ್ಲ, ಅದರ ದೋಷವೆಂದರೆ ಪೆಟ್ಟು ಬಿದ್ದರೆ ಒಡೆಯುವುದು, ಹಾಗೂ ಅದನ್ನು ಮರದ ಹಲಗೆಗೆ ಜಡಿಯುವ ರೂಢಿ. ಬೇಕ್‌ಲೆಂಡ್ ಎಂಬ ವಿಜ್ಞಾನಿಯು 1907ರಲ್ಲಿ ನಿರ್ಮಿಸಿದ ಬೇಕಲೈಟು ಕಾದರೆ ಕರಗದೆ ಕರಿದಾಗುವ ಜಾತಿಯದು. ಇಂದಿನ ಪೆಟ್ಟಿಗೆಗಳಲ್ಲಿ ಬಳಕೆಯಾಗುವ ಪ್ಲಾಸ್ಟಿಕ್ಕುಗಳಲ್ಲಿ ಹಲವು ಕಾದರೆ ಮೆತ್ತಗಾಗುವ ಜಾತಿಯವು. ಎ.ಬಿ.ಎಸ್. ಎಂಬುದು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೂ, ಪಾಲಿಕಾರ್ಬೊನೇಟು ಸುಮಾರು 150 ಡಿಗ್ರಿಯಲ್ಲಿಯೂ ಮೆತ್ತಗಾಗುತ್ತವೆ. ಜ್ವಾಲಾನಿರೋಧಕ ದ್ರವ್ಯ ಬೆರೆಸದ ಎ.ಬಿ.ಎಸ್. ಸರಾಗವಾಗಿ ಉರಿದು ಕಪ್ಪು ಹೊಗೆಯನ್ನು ಉಗುಳುತ್ತದೆ. ಉಕ್ಕು ಕರಗಬೇಕಾದರೆ 1400 ಡಿಗ್ರಿಗೂ ಮೇಲಿನ ಉಷ್ಣತೆ ಬೇಕು. ಗೃಹದಹನದಲ್ಲಿ ಉಕ್ಕಿನ ತಗಡು ತಾನಾಗಿ ಇಂಧನವಾಗುವುದಿಲ್ಲ.

ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಪರೀಕ್ಷಿಸುವುದಿಲ್ಲವೆಂದಲ್ಲ. ಕೆಂಪಗೆ ಕಾಯಿಸಿದ ತಂತಿಯನ್ನು ವಸ್ತುವಿಗೆ 30 ಸೆಕೆಂಡು ಒತ್ತಿ ಹಿಡಿದು ತೆಗೆಯುತ್ತಾರೆ; ತೆಗೆದ ಬಳಿಕ 30 ಸೆಕೆಂಡಿನೊಳಗೆ ಉರಿ ತಾನಾಗಿ ಆರಬೇಕು. ವಿದ್ಯುತ್ತು ಹರಿಯುವ ಭಾಗಗಳನ್ನು ಹಿಡಿದಿರುವ ಅಂಗಗಳಿಗೆ ತಂತಿಯ ಉಷ್ಣತೆ 960 ಡಿಗ್ರಿ, ಇತರ ಬಹುಭಾಗಗಳಿಗೆ 650 ಡಿಗ್ರಿ. ಈ ಪರೀಕ್ಷೆಯು ಉಪಯುಕ್ತವಾದದ್ದೇ. ಆದರೆ ಪ್ರಯೋಗಶಾಲೆಯಲ್ಲಿ ಕಾದ ತಂತಿಯನ್ನು ತೆಗೆಯುವವನೊಬ್ಬನಿರುತ್ತಾನೆ. ಮನೆಯ ಸಡಿಲ ಸಂಧಿಯನ್ನು ಯಾರೂ ತೆಗೆಯುವುದಿಲ್ಲ. ಉಪಕರಣ ನಡೆಯುವಷ್ಟು ಹೊತ್ತೂ ಅದು ಕಾಯುತ್ತಲೇ ಇರುತ್ತದೆ.

ಈ ವಿಷಯದಲ್ಲಿ ಬ್ರಿಟನ್ನಿನ ಅನುಭವವು ಗಮನಾರ್ಹವಾಗಿದೆ. ಅಲ್ಲಿನ ಮನೆಗಳಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಗಳು ಬಹುಕಾಲದಿಂದ ರೂಢಿಯಲ್ಲಿದ್ದವು. ಅವುಗಳಿಗೆ ಸಂಬಂಧಿಸಿದ ಬೆಂಕಿಯ ಪ್ರಕರಣಗಳು ಹೆಚ್ಚುತ್ತಿರುವುದನ್ನು ಲಂಡನ್ ಅಗ್ನಿಶಾಮಕ ದಳವು ಗುರುತಿಸಿತು. ಆ ಬಳಿಕ 2015ರಲ್ಲಿ ಅಲ್ಲಿನ ತಂತಿಜೋಡಣೆಯ ನಿಯಮಗಳಿಗೆ ತಿದ್ದುಪಡಿಯಾಗಿ, ಮನೆಗಳಲ್ಲಿ ಹೊಸದಾಗಿ ಕೂಡಿಸುವ ಪೆಟ್ಟಿಗೆಯ ಕವಚವು ಉಕ್ಕಿನಂಥ ಉರಿಯದ ವಸ್ತುವಿನದಾಗಿರಬೇಕೆಂಬ ವಿಧಿಯು 2016ರ ಜನವರಿ 1ರಿಂದ ಜಾರಿಗೆ ಬಂದಿತು. ಪೆಟ್ಟಿಗೆಯು ಬೆಂಕಿ ಹುಟ್ಟುವುದನ್ನು ತಪ್ಪಿಸಲಾರದು, ಹುಟ್ಟಿದ ಬೆಂಕಿಯನ್ನು ತನ್ನೊಳಗೇ ಹಿಡಿದಿಡಬಲ್ಲದು ಎಂಬುದು ಈ ವಿಧಿಯ ಹಿಂದಿನ ತತ್ತ್ವ.

ಇಷ್ಟರಿಂದ ಕುಬಿಹಾಳದ ಮನೆಯಲ್ಲಿಯೂ ಪ್ಲಾಸ್ಟಿಕ್ಕನ್ನು ಕಿತ್ತು ತಗಡನ್ನು ಕೂಡಿಸಿದರೆ ಸಾಕೆಂದು ಹೇಳಬಹುದೇ? ಹೇಳಲಾಗದು. ಲೋಹವು ಉರಿಯುವುದಿಲ್ಲ, ಆದರೆ ವಿದ್ಯುತ್ತನ್ನು ಹರಿಯಿಸುತ್ತದೆ. ತಗಡಿನ ಅಂಚಿಗೆ ತಂತಿಯ ಹೊದಿಕೆ ಸವೆದು ಒಳಗಿನ ತಾಮ್ರ ತಾಕಿದರೆ ಇಡೀ ಪೆಟ್ಟಿಗೆಯೇ ವಿದ್ಯುನ್ಮಯವಾಗುತ್ತದೆ. ಆಗ ಕೈಯಿಟ್ಟವನ ಪ್ರಾಣವನ್ನು ಕಾಯಬೇಕಾದದ್ದು ಭೂಸಂಪರ್ಕ. ಅದರ ಯೋಗ್ಯತೆಯು ನೆಲದ ಗುಣವನ್ನು ಅವಲಂಬಿಸಿದೆ.

ಎರೆಭೂಮಿಯ ಗುಣವು ಎರಡು ಮುಖದ್ದು. ಮಳೆಗಾಲದಲ್ಲಿ ನೀರುಂಡ ಎರೆಮಣ್ಣು ವಿದ್ಯುತ್ತಿಗೆ ಒಳ್ಳೆಯ ವಾಹಕ. ಎರಡೂವರೆ ಮೀಟರ್ ಆಳಕ್ಕೆ ಇಳಿಸಿದ ಕಬ್ಬಿಣದ ಕೊಳವೆಯ ರೋಧವು ಕೆಲವೇ ಓಮುಗಳಷ್ಟಿರಬಲ್ಲದು. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ, ಕುಗ್ಗಿ, ಕಾಲು ತೂರುವಷ್ಟು ಬಿರುಕು ಬಿಡುವುದನ್ನು ಈ ಸೀಮೆಯ ಒಕ್ಕಲಿಗರೆಲ್ಲರೂ ಬಲ್ಲರು. ಕೊಳವೆಯ ಸುತ್ತಲಿನ ಮಣ್ಣೂ ಹಾಗೆಯೇ ಅದರಿಂದ ದೂರ ಸರಿಯುತ್ತದೆ. ಆಗ ಮನೆಯ ಭೂಸಂಪರ್ಕದ ರೋಧವು 15 ಓಮಿಗೆ ಏರಿದೆಯೆಂದೂ, ಊರ ಪರಿವರ್ತಕದ ಕಡೆಯದು 5 ಓಮ್ ಎಂದೂ ಇಟ್ಟುಕೊಳ್ಳೋಣ. ಒಟ್ಟು 20 ಓಮಿನ ಮೂಲಕ 230 ವೋಲ್ಟಿಗೆ ಹರಿಯುವ ಪ್ರವಾಹ 11.5 ಆಂಪಿಯರ್ ಮಾತ್ರ. 15 ಆಂಪಿಯರಿನ ಫ್ಯೂಸು ಇದರಿಂದ ಎಂದಿಗೂ ಕರಗದು. ಪೆಟ್ಟಿಗೆಯ ಮೇಲೆ ಮಾತ್ರ ಸುಮಾರು 172 ವೋಲ್ಟು ನಿಂತಿರುತ್ತದೆ. ಬೆಂಕಿಯ ಭಯವನ್ನು ಕಳೆಯಲು ಹೋಗಿ ಆಘಾತದ ಭಯವನ್ನು ಮನೆಗೆ ತಂದಂತಾಯಿತು.

ಇದಕ್ಕೆ ಪರಿಹಾರವುಂಟು. ಭೂಮಿಗೆ ಸೋರುವ ಪ್ರವಾಹವು 30 ಮಿಲಿ ಆಂಪಿಯರನ್ನು ಮೀರಿದೊಡನೆ ಮಂಡಲವನ್ನು ಕಡಿಯುವ ಸೋರಿಕೆ ರಕ್ಷಕವು ಭೂಸಂಪರ್ಕದ ರೋಧವು ನೂರಾರು ಓಮುಗಳಿದ್ದರೂ ತನ್ನ ಕೆಲಸ ಮಾಡಬಲ್ಲದು. ಆದರೆ ಅದನ್ನು ತಗಡಿನ ಪೆಟ್ಟಿಗೆಯೊಳಗೇ ಕೂಡಿಸಿದರೆ, ಮೀಟರಿನಿಂದ ರಕ್ಷಕದವರೆಗಿನ ತಂತಿಯು ತಗಡನ್ನು ತಾಕಿದಾಗ ಅದು ನಿಸ್ಸಹಾಯಕವಾಗುತ್ತದೆ. ಆದ್ದರಿಂದ ರಕ್ಷಕವು ಪೆಟ್ಟಿಗೆಗಿಂತ ಮೊದಲೇ, ವಿದ್ಯುತ್ತು ಹರಿಯದ ಕವಚದಲ್ಲಿ ಪ್ರತ್ಯೇಕವಾಗಿರುವುದು ಯುಕ್ತ. ನಮ್ಮ ದೇಶದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯು ಮನೆಗಳಿಗೆ 30 ಮಿಲಿ ಆಂಪಿಯರಿನ ರಕ್ಷಕವನ್ನು ವಿಧಿಸಿತಾದರೂ, 250 ವೋಲ್ಟಿನ ಒಳಗಿನ, 5 ಕಿಲೊವ್ಯಾಟಿಗಿಂತ ಕಡಿಮೆಯ ಜೋಡಣೆಗಳನ್ನು ಅದರಿಂದ ಹೊರಗಿಟ್ಟಿತ್ತು. ಆ ನಿಯಮಾವಳಿಯ ಸ್ಥಾನದಲ್ಲಿ 2023ರಲ್ಲಿ ಹೊಸದು ಬಂದಿದೆ. ಆದರೂ 2010ರ ವಿನಾಯಿತಿಯ ಕಾಲದಲ್ಲಿ ತಂತಿ ಎಳೆದ ಹಳ್ಳಿಯ ಸಣ್ಣ ಮನೆಗಳಲ್ಲಿ ರಕ್ಷಕವಿದೆಯೆಂದು ಭಾವಿಸುವಂತಿಲ್ಲ. ಅದನ್ನು ಕಣ್ಣಾರೆ ನೋಡಿಯೇ ನಿಶ್ಚಯಿಸಬೇಕು.

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳು ಹೊರಡುತ್ತವೆ. ಮೊದಲನೆಯದಾಗಿ, ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ವಿದ್ಯುತ್ತನ್ನು ನಿಲ್ಲಿಸಿ ತಿರುಪುಗಳನ್ನು ಬಿಗಿಗೊಳಿಸಬೇಕು. ಪೆಟ್ಟಿಗೆಯ ಬಳಿ ಸುಟ್ಟ ವಾಸನೆ, ಕಂದಿದ ಕಲೆ, ಚಿಟಚಿಟ ಸದ್ದು ಕಂಡುಬಂದರೆ ಆ ದಿನವೇ ಮಾಡಿಸಬೇಕು. ಎರಡನೆಯದಾಗಿ, ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಾಮ್ರದ ಎಳೆಗಳನ್ನು ಕಟ್ಟುವುದು ಸರ್ವಥಾ ಕೂಡದು. ಮೂರನೆಯದಾಗಿ, ಪೆಟ್ಟಿಗೆ ಯಾವುದೇ ಇರಲಿ, ಅದನ್ನು ಮರದ ಹಲಗೆಯಿಂದ ಬಿಡಿಸಿ ಮಣ್ಣಿನ, ಕಲ್ಲಿನ ಅಥವಾ ಗಾರೆಯ ಗೋಡೆಗೆ ಕೂಡಿಸಬೇಕು. ಅದರ ಕೆಳಗೂ ಮಗ್ಗುಲಿಗೂ ಹತ್ತಿ, ಕಣಿಕೆಗಳನ್ನು ಒಟ್ಟಬಾರದು. ನಾಲ್ಕನೆಯದಾಗಿ, ಭೂಸಂಪರ್ಕವೂ ಸೋರಿಕೆ ರಕ್ಷಕವೂ ಇರುವ ಮನೆಗೆ ಉಕ್ಕಿನ ಪೆಟ್ಟಿಗೆಯೇ ಉತ್ತಮ. ಅದರ ತೂತುಗಳಿಗೆ ರಬ್ಬರಿನ ಬುಷ್ ಹಾಕಬೇಕು, ಬಳಸದ ತೂತುಗಳನ್ನು ಮುಚ್ಚಬೇಕು. ತೆರೆದ ತೂತಿನಿಂದ ಉರಿಯೂ ಹೊರಬೀಳುತ್ತದೆ. ಭೂಸಂಪರ್ಕವಿಲ್ಲದ ಮನೆಯಲ್ಲಿ ಮಾತ್ರ, ಅದು ಸಿದ್ಧವಾಗುವವರೆಗೆ, ಜ್ವಾಲಾನಿರೋಧಕವಾದ ಒಳ್ಳೆಯ ಪ್ಲಾಸ್ಟಿಕ್ ಪೆಟ್ಟಿಗೆಯೇ ಕಡಿಮೆ ಅಪಾಯದ್ದು.

ಕೊನೆಯದಾಗಿ, ಎರೆಭೂಮಿಯ ಗೃಹಸ್ಥರು ನೆನಪಿನಲ್ಲಿಡಬೇಕಾದ ಸುಲಭದ ಕೆಲಸವೊಂದಿದೆ. ಭೂಸಂಪರ್ಕದ ಗುಂಡಿಯು ಬಚ್ಚಲ ನೀರು ಹರಿಯುವ ಕಡೆಗಿದ್ದರೆ ಬೇಸಿಗೆಯಲ್ಲಿಯೂ ಮಣ್ಣು ಹಸಿಯಾಗಿರುತ್ತದೆ. ಹಾಗಿಲ್ಲದಿದ್ದರೆ ಒಣ ತಿಂಗಳುಗಳಲ್ಲಿ ಆಗಾಗ ಒಂದೆರಡು ಕೊಡ ನೀರನ್ನು ಅದಕ್ಕೆ ಹೊಯ್ಯಬೇಕು. ಲೋಹದ ಪೆಟ್ಟಿಗೆಗೆ ಕೊಟ್ಟ ಬೆಲೆಯು ಸಾರ್ಥಕವಾಗುವುದು ಗೋಡೆಯ ಮೇಲಲ್ಲ, ಈ ಗುಂಡಿಯಲ್ಲಿ.