ಹಳೇ ಕಾರು, ಖಾಲಿ ಜೇಬು... ಕಾಲು ಮೈಲಿಯಲ್ಲಿ ಅರ್ಧ ಸೆಕೆಂಡಿನ ಬೇಟೆ!

ಬೆಳಗಿನ ಜಾವ. ಊರಾಚೆಯ ಖಾಲಿ ರಸ್ತೆ. ಒಂದು ಕಡೆ ಹಳದಿ ಫೋರ್ಡ್, ಪಕ್ಕದಲ್ಲಿ ಗುರುಗುಟ್ಟುವ ಕಪ್ಪು ಷೆವರ್ಲೆ. ಟಾರ್ಚು ಮಿನುಗಿದ್ದೇ ತಡ, ಎರಡೂ ಬಾಣದಂತೆ ಚಿಮ್ಮುತ್ತವೆ! ನೋಡನೋಡುತ್ತಿದ್ದಂತೆ ಕಪ್ಪು ಕಾರಿನ ಟೈರು ಸಿಡಿದು, ಕಾರು ಪಲ್ಟಿ ಹೊಡೆದು, ಧಗ್ಗನೆ ಬೆಂಕಿ! 'ಅಮೆರಿಕನ್ ಗ್ರಾಫಿಟಿ' (1973) ನೋಡಿದವರು ಈ ದೃಶ್ಯ ಮರೆಯುವುದುಂಟೇ? ಕಪ್ಪು ಕಾರಿನ ಚಾಲಕ ಯಾರು ಗೊತ್ತಲ್ಲ? ಆಗಿನ್ನೂ ದೊಡ್ಡ ಹೆಸರಾಗದಿದ್ದ ಹ್ಯಾರಿಸನ್ ಫೋರ್ಡ್!

ಇನ್ನೊಂದು ಗುಟ್ಟು ಕೇಳಿ. ಓಡುವ ದೃಶ್ಯಗಳಲ್ಲಿ ಮಿಂಚಿದ 1955ರ ಮಾಡೆಲ್ಲಿನ ಆ ಷೆವರ್ಲೆಗೆ ಅದು ಮೊದಲ ಚಿತ್ರವಲ್ಲ. ಮಾಂಟೆ ಹೆಲ್‌ಮನ್ ನಿರ್ದೇಶಿಸಿದ 'ಟು-ಲೇನ್ ಬ್ಲ್ಯಾಕ್‌ಟಾಪ್' (1971) ಚಿತ್ರದಲ್ಲಿ ಅದು ಆಗಲೇ ನಟಿಸಿತ್ತು. ಅಲ್ಲಿ ಅದಕ್ಕೆ ಬಣ್ಣದ ಭಾಗ್ಯವೂ ಇಲ್ಲ, ಬರೀ ಬೂದು ಮೈ. ಎದುರಾಳಿಯದ್ದು ಥಳಥಳಿಸುವ ಹೊಚ್ಚಹೊಸ ಪಾಂಟಿಯಾಕ್. ಬೂದು ಕಾರಿನ ಹುಡುಗರು ಊರೂರು ಸುತ್ತಿ ಪಂದ್ಯ ಕಟ್ಟಿ ಗೆದ್ದ ಕಾಸಿನಲ್ಲೇ ಹೊಟ್ಟೆ ಹೊರೆಯುತ್ತಾರೆ. ಅವರ ದುಡ್ಡೆಲ್ಲ ಹೋದದ್ದು ಬಣ್ಣಕ್ಕಲ್ಲ, ಬಾನೆಟ್ಟಿನ ಕೆಳಗೆ ಮತ್ತು ಚಕ್ರಗಳಿಗೆ!

ಈ ಲೇಖನದ ಸಾರವೂ ಅಷ್ಟೇ. ಹಳೇ ಕಾರನ್ನು ಕಡಿಮೆ ಖರ್ಚಿನಲ್ಲಿ ವೇಗ ಮಾಡಬೇಕೆ? ಮೊದಲು ಚಾಲಕ, ಆಮೇಲೆ ಟೈರು, ಆಮೇಲೆ ತೂಕ, ಆಮೇಲೆ ಗೇರು. ಎಂಜಿನ್ ಸರದಿ ಕಟ್ಟಕಡೆಗೆ! ಹೆಚ್ಚಿನ ಹುಡುಗರು ಇದನ್ನೇ ತಲೆಕೆಳಗು ಮಾಡಿ ಜೇಬು ಖಾಲಿ ಮಾಡಿಕೊಳ್ಳುತ್ತಾರೆ.

ಆಟ ಯಾವುದು, ನಿಯಮ ಏನು?

ಡ್ರ್ಯಾಗ್ ರೇಸು ಎಂದರೆ ಎರಡು ಕಾರು, ಒಂದು ನೇರ ದಾರಿ. ಉದ್ದ ಕಾಲು ಮೈಲಿ, ಅಂದರೆ 1320 ಅಡಿ, ಸುಮಾರು 402 ಮೀಟರು. ತಿರುವಿಲ್ಲ, ಮುರುವಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಬೀದಿಬೀದಿಯಲ್ಲಿ ಹೀಗೆ ಓಡಿಸಿ ಕೈಕಾಲು, ಪ್ರಾಣ ಕಳೆದುಕೊಳ್ಳುತ್ತಿದ್ದರು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ಪಟ್ಟಿಯ ಮೇಲೆ ಟಿಕೆಟ್ಟಿಟ್ಟು ರೇಸು ಶುರುವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತ ಎನ್.ಎಚ್.ಆರ್.ಎ. ಸಂಸ್ಥೆ ಕಟ್ಟಿದ. 1953ರಲ್ಲಿ ಪೊಮೋನಾದಲ್ಲಿ ಅದರ ಮೊದಲ ಅಧಿಕೃತ ರೇಸು. ಉದ್ದೇಶ ಒಂದೇ: ಹುಡುಗರು ಬೀದಿ ಬಿಡಲಿ, ಪಟ್ಟಿಗೆ ಬರಲಿ!

ನಮ್ಮ ಕಥಾನಾಯಕ

ಉದಾಹರಣೆಗೆ ಅಮೆರಿಕದ ಬಡಪಾಯಿ ರೇಸುಗಾರರ ಮುದ್ದಿನ ಕಾರನ್ನೇ ತೆಗೆದುಕೊಳ್ಳೋಣ: 1987ರಿಂದ 1993ರವರೆಗಿನ ಫೋರ್ಡ್ ಮಸ್ಟಾಂಗ್ 5.0. ವಿ-8 ಎಂಜಿನ್, 1992ರವರೆಗೆ ಕಂಪನಿ ಹೇಳಿದ ಶಕ್ತಿ 225 ಅಶ್ವಶಕ್ತಿ. ಅದರ ಎಲ್‌ಎಕ್ಸ್ ಮಾಡೆಲ್ಲಿಗೆ ಆಡಂಬರ ಕಡಿಮೆ, ತೂಕವೂ ಕಡಿಮೆ. ಕ್ಯಾಲಿಫೋರ್ನಿಯಾದ ಹೆದ್ದಾರಿ ಪೊಲೀಸರೇ ಈ ಜಾತಿಯ ಮಸ್ಟಾಂಗ್ ಹತ್ತಿ ಕಳ್ಳರನ್ನು ಅಟ್ಟುತ್ತಿದ್ದರು! ಕಂಪನಿಯಿಂದ ಬಂದ ಹಾಗೇ ಓಡಿಸಿದರೆ ಕಾಲು ಮೈಲಿಗೆ ಹದಿನಾಲ್ಕೂವರೆಯಿಂದ ಹದಿನೈದು ಸೆಕೆಂಡು. ಚಾಲಕ ಎಡವಟ್ಟಾದರೆ ಇನ್ನೂ ಹೆಚ್ಚು.

ಮೂವತ್ತು ದಾಟಿದ ಮುದುಕ ಕಾರು ಸ್ವಾಮಿ! ಮೊದಲು ಆರೋಗ್ಯ ತಪಾಸಣೆ ಆಗಲಿ. ಬ್ರೇಕು, ಪೆಟ್ರೋಲ್ ಪೈಪು, ಕ್ಲಚ್ಚು, ಟೈರು, ಚಕ್ರದ ನಟ್ಟು. ಪಟ್ಟಿಯ ತುದಿಯಲ್ಲಿ ಈ ಕಾರಿನ ವೇಗ ಗಂಟೆಗೆ ನೂರೈವತ್ತು ಕಿಲೋಮೀಟರಿನ ಆಸುಪಾಸು ಇರುತ್ತದೆ. ಓಡುವುದು ಗೊತ್ತಿದ್ದು ನಿಲ್ಲುವುದು ಗೊತ್ತಿಲ್ಲದಿದ್ದರೆ ಏನು ಗತಿ?

ಚೀಟಿ ಓದಲು ಕಲಿಯಿರಿ

ಪ್ರತಿ ಓಟದ ಕೊನೆಗೆ ಕೈಗೊಂದು ಚೀಟಿ ಕೊಡುತ್ತಾರೆ. ಇದೇ ನಿಮ್ಮ ಜಾತಕ! ಹಸಿರು ದೀಪ ನೋಡಿ ಹೊರಡಲು ಹಿಡಿದ ಹೊತ್ತು, ಮೊದಲ 60 ಅಡಿಗೆ ಹಿಡಿದ ಹೊತ್ತು, ಪೂರ್ತಿ ಓಟದ ಹೊತ್ತು, ತುದಿಯ ವೇಗ, ಎಲ್ಲ ಅದರಲ್ಲಿರುತ್ತವೆ. ಕಾರಿನ ಗಡಿಯಾರ ಶುರುವಾಗುವುದು ಚಕ್ರ ಗೆರೆಯ ಬೆಳಕಿನ ಕಿರಣ ದಾಟಿದಾಗ ಮಾತ್ರ. ಆದ್ದರಿಂದ ತಡವಾಗಿ ಹೊರಟರೆ ಪಂದ್ಯ ಸೋಲಬಹುದು, ಆದರೆ ಕಾರಿನ ಸಮಯ ಕೆಡುವುದಿಲ್ಲ.

ಅನುಭವಿಗಳು ಮೊದಲು ನೋಡುವುದು 60 ಅಡಿಯ ಅಂಕಿ. ಅಲ್ಲಿ ಉಳಿಸಿದ ಒಂದು ದಶಾಂಶ ಸೆಕೆಂಡು ಕೊನೆಗೆ ಒಂದೂವರೆ, ಎರಡು ದಶಾಂಶವಾಗಿ ಮರಳುತ್ತದೆ. ಬಡ್ಡಿ ಸಮೇತ! ತುದಿಯ ವೇಗ ಚೆನ್ನಾಗಿದ್ದೂ ಸಮಯ ಕೆಟ್ಟಿದೆಯೇ? ಎಂಜಿನ್ ಸರಿಯಿದೆ, ಹೊರಡುವ ರೀತಿ ಸರಿಯಿಲ್ಲ ಎಂದರ್ಥ. ಅಂಥವನು ಹೊಸ ಕಾರ್ಬುರೇಟರೋ ಕ್ಯಾಮ್‌ಶಾಫ್ಟೋ ಕೊಂಡು ತಂದರೆ ಹಲ್ಲುನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ!

ಬಿಟ್ಟಿ ಸೆಕೆಂಡುಗಳು

ಮೊದಲನೆಯದು ಕಾಲಿನ ಕೆಲಸ. ಸಿನಿಮಾದಲ್ಲಿ ಹೊಗೆ ಎದ್ದಷ್ಟೂ ಸಿಳ್ಳೆ ಜಾಸ್ತಿ. ಪಟ್ಟಿಯಲ್ಲಿ ಹೊಗೆ ಎಂದರೆ ಸೋಲು! ಚಕ್ರ ಇದ್ದಲ್ಲೇ ಗಿರಗಿರ ತಿರುಗಿದರೆ ಕಾರು ಮುಂದೆ ಹೋಗುವುದೆಲ್ಲಿಂದ? ಮಾಮೂಲಿ ಟೈರಿನಲ್ಲಿ ಆಕ್ಸಿಲರೇಟರ್ ಅದುಮಿ ಕ್ಲಚ್ ಪಟ್ಟೆಂದು ಬಿಡಬೇಡಿ. ಎಂಜಿನ್ ಸುತ್ತು ಕಡಿಮೆ ಇಟ್ಟು, ಕ್ಲಚ್ಚನ್ನು ಜಾರಿಸಿ ಬಿಟ್ಟು, ಕಾರು ಹಿಡಿತಕ್ಕೆ ಬಂದ ಮೇಲೆ ಪೂರ್ತಿ ಒತ್ತಿ. ಪಟ್ಟಿಯಲ್ಲಿ ಬರ್ನ್‌ಔಟಿಗೆಂದು ನೀರು ಹಾಕಿರುತ್ತಾರೆ. ಗೀರುಗಳಿರುವ ಮಾಮೂಲಿ ಟೈರಿನವರು ಆ ನೀರನ್ನು ಬಳಸಿಕೊಂಡು ಹೋಗಬೇಕು, ಇಲ್ಲದಿದ್ದರೆ ಗೀರಿನಲ್ಲಿ ಕೂತ ನೀರು ಗೆರೆಯವರೆಗೂ ಬಂದು ಜಾರಿಸುತ್ತದೆ.

ಎರಡನೆಯದು ತೂಕ. ನೂರು ಪೌಂಡು, ಅಂದರೆ ಸುಮಾರು 45 ಕಿಲೋ ಇಳಿಸಿದರೆ ಒಂದು ದಶಾಂಶ ಸೆಕೆಂಡು ಸಿಗುತ್ತದೆ ಎನ್ನುವುದು ಹಳಬರ ಲೆಕ್ಕ. ಸ್ಟೆಪ್ನಿ, ಜಾಕಿ, ಡಿಕ್ಕಿಯ ಸಾಮಾನು, ಹಿಂದಿನ ಸೀಟು ಎಲ್ಲ ಕೆಳಗಿಡಿ. ಟ್ಯಾಂಕು ತುಂಬಿಸಿಕೊಂಡು ಬರಬೇಡಿ. ಚಾಲಕನ ಹೊಟ್ಟೆಯೂ ಲೆಕ್ಕಕ್ಕುಂಟು ಸ್ವಾಮಿ, ಇಡ್ಲಿ ಎರಡು ಕಡಿಮೆ ಮಾಡಿ!

ಮೂರನೆಯದು ತಂಪು. ತಣ್ಣನೆಯ ಗಾಳಿ ದಟ್ಟ, ಅದರಲ್ಲಿ ಆಮ್ಲಜನಕ ಹೆಚ್ಚು. ಅದಕ್ಕೇ ಸಂಜೆಯ ಓಟ ಮಧ್ಯಾಹ್ನದ್ದಕ್ಕಿಂತ ಚುರುಕು. ಎರಡು ಓಟಗಳ ನಡುವೆ ಬಾನೆಟ್ ಎತ್ತಿಡಿ. ಎಂಜಿನ್ನಿನ ಇಂಟೇಕ್ ಮ್ಯಾನಿಫೋಲ್ಡಿನ ಮೇಲೆ ಐಸ್ ಚೀಲ ಇಟ್ಟು ತಂಪು ಮಾಡುವುದು ಅಲ್ಲಿಯ ಹುಡುಗರ ಹಳೇ ಉಪಾಯ. ಮತ್ತೆ, ಈ ಮಸ್ಟಾಂಗಿನಲ್ಲಿ ಗಾಳಿ ಎಳೆಯುವ ದಾರಿಗೆ ಸದ್ದಡಗಿಸಲೆಂದು ಕಂಪನಿಯವರು ಒಂದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದ್ದಾರೆ. ತೆಗೆದುಹಾಕಿದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಖರ್ಚು? ಸೊನ್ನೆ!

ಕಾಸು ಬಿಚ್ಚುವುದಾದರೆ...

ಮೊದಲ ಕಾಸು ಹಿಂದಿನ ಎರಡು ಟೈರಿಗೆ. ಡ್ರ್ಯಾಗ್ ರೇಡಿಯಲ್ ಎಂಬ ಮೆತ್ತನೆ ರಬ್ಬರಿನ ಟೈರು ಬರುತ್ತದೆ. ಗಾಳಿ ಕಡಿಮೆ ಇಟ್ಟರೆ, ಸಾಮಾನ್ಯವಾಗಿ 16ರಿಂದ 20 ಪೌಂಡು, ನೆಲವನ್ನು ಜಿಗಣೆಯಂತೆ ಕಚ್ಚುತ್ತದೆ. ನಮ್ಮ ಮಸ್ಟಾಂಗ್ ಮಾಮೂಲಿ ಟೈರಿನಲ್ಲಿ 60 ಅಡಿಗೆ 2.1, 2.2 ಸೆಕೆಂಡು ತೆಗೆದುಕೊಂಡರೆ, ಒಳ್ಳೆಯ ಟೈರು ಮತ್ತು ಪಳಗಿದ ಕಾಲು ಸೇರಿದರೆ 1.9ಕ್ಕೆ ಇಳಿಯುತ್ತದೆ. ಮೇಲಿನ ಬಡ್ಡಿ ಲೆಕ್ಕ ಹಾಕಿ, ಕೊನೆಯಲ್ಲಿ ಅರ್ಧ ಸೆಕೆಂಡಿನ ಹತ್ತಿರ ಹತ್ತಿರ! ಎಂಜಿನ್ನಿಗೆ ಕೈ ಹಚ್ಚಿದ್ದೀರಾ? ಇಲ್ಲವೇ ಇಲ್ಲ.

ಎರಡನೇ ಕಾಸು ಹಿಂದಿನ ಹೌಸಿಂಗಿನ ಕ್ರೌನ್-ಪಿನಿಯನ್ನಿಗೆ. ಪೆಟ್ರೋಲ್ ಉಳಿತಾಯಕ್ಕೆಂದು ಕಂಪನಿ ಕೊಟ್ಟದ್ದು 2.73 ಇಲ್ಲವೇ 3.08 ಅನುಪಾತ. ಅದನ್ನು 3.73 ಮಾಡಿಸಿದರೆ ಹಳೇ ಕುದುರೆಗೆ ಹೊಸ ಲಾಳ ಹೊಡೆದಂತೆ. ಆದರೆ ಇದು ಅಳತೆಯ ಕೆಲಸ. ಹಲ್ಲುಗಳ ನಡುವಿನ ಸಂದು ತಪ್ಪಿದರೆ ಊಳಿಡುತ್ತ ಸವೆದುಹೋಗುತ್ತದೆ. ಬಲ್ಲ ಮೇಸ್ತ್ರಿಯ ಕೈಗೇ ಕೊಡಿ.

ಆಮೇಲೆ ಎಂಜಿನ್. ಹೊಸ ಪ್ಲಗ್ಗು, ಶುದ್ಧ ಫಿಲ್ಟರು. ಇಗ್ನಿಷನ್ ಟೈಮಿಂಗ್ ಕಂಪನಿ ಇಟ್ಟದ್ದು 10 ಡಿಗ್ರಿ. ಉತ್ತಮ ಪೆಟ್ರೋಲ್ ಹಾಕಿ ಅದನ್ನು ಒಂದೊಂದೇ ಡಿಗ್ರಿ ಮುಂದಕ್ಕೆ, 13, 14ರವರೆಗೆ ತರುವವರಿದ್ದಾರೆ. ಕಟಕಟ ಎಂದು ನಾಕಿಂಗ್ ಕೇಳಿಸಿತೋ, ಹಿಂದಕ್ಕೆ ತನ್ನಿ. ಆ ಸದ್ದು ಪಿಸ್ಟನ್ನಿನ ಸಾವಿನ ಗಂಟೆ! 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' (2001) ನೋಡಿ ನೈಟ್ರಸ್ ಬಾಟ್ಲಿಗೆ ಆಸೆಪಡುವವರಿಗೂ ಇದೇ ಮಾತು. ಶಕ್ತಿ ಅಗ್ಗವಾಗಿ ಸಿಗುತ್ತದೆ ನಿಜ, ಪೆಟ್ರೋಲಿನ ಪಾಲು ಸ್ವಲ್ಪ ಕಡಿಮೆಯಾದರೂ ಪಿಸ್ಟನ್ನಿಗೆ ತೂತು ಬೀಳುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ! ಮೂರು ಓಟ ಓಡಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸ ಮಾಡಿತೆಂದು ಬ್ರಹ್ಮನಿಗೂ ತಿಳಿಯದು.

ಮುದುಕ ಗೆಲ್ಲುವ ಪಂದ್ಯ

ಇಷ್ಟು ಮಾಡಿದರೂ ಹೊಸ ಕಾರು 12 ಸೆಕೆಂಡಿನಲ್ಲಿ ಓಡಿದರೆ ನಮ್ಮದು 14ರಲ್ಲೇ ಅಲ್ಲವೇ? ಅಳಬೇಡಿ! ಬ್ರ್ಯಾಕೆಟ್ ರೇಸು ಎಂಬ ಪದ್ಧತಿ ಇದೆ. ಓಟಕ್ಕೆ ಮೊದಲೇ ಇಬ್ಬರೂ ತಮ್ಮ ಸಮಯ ಹೇಳಬೇಕು. ನೀವು 14 ಎಂದಿರಿ, ಅವನು 12 ಎಂದ. ನಿಮಗೆ ಹಸಿರು ದೀಪ ಎರಡು ಸೆಕೆಂಡು ಮೊದಲೇ ಹತ್ತುತ್ತದೆ. ಹೇಳಿದ್ದಕ್ಕಿಂತ ಬೇಗ ಓಡಿದವನು ಔಟ್! ಇಲ್ಲಿ ಗೆಲ್ಲುವವನು ದುಡ್ಡಿದ್ದವನಲ್ಲ, ತನ್ನ ಕಾರನ್ನು ಬಲ್ಲವನು. ಗಡಿಯಾರದಂತೆ ಪ್ರತಿಸಲವೂ ಅದೇ ಸಮಯಕ್ಕೆ ಓಡುವ ಹಳೇ ಕಾರು ಲಕ್ಷಾಂತರದ ಹೊಸ ಕಾರನ್ನು ಮಣ್ಣು ಮುಕ್ಕಿಸುತ್ತದೆ.

ವೇಗ ಹೆಚ್ಚಿದಂತೆ ಕಾಯಿದೆಯೂ ಬಿಗಿ. ಇಂಥ ಹಳೇ ಕಾರು 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡಿದರೆ ಎನ್.ಎಚ್.ಆರ್.ಎ. ನಿಯಮದಂತೆ ಹೆಲ್ಮೆಟ್ ಕಡ್ಡಾಯ. 11.49ಕ್ಕೆ ಇಳಿದರೆ ಒಳಗೆ ಕಬ್ಬಿಣದ ರೋಲ್ ಬಾರ್ ಇರಲೇಬೇಕು.

ನಮ್ಮಲ್ಲೂ ಮದರಾಸಿನ ಬಳಿಯ ಷೋಳಾವರಂನಲ್ಲಿ ಯುದ್ಧಕಾಲದ ಹಳೇ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ರೇಸು ನಡೆದಿದ್ದವು. ಮಹಾರಾಷ್ಟ್ರದ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ಕಾಲು ಮೈಲಿಯ ಓಟಗಳೂ ನಡೆದಿವೆ. ಆಸೆಯಿದ್ದರೆ ಅಂಥ ಕಡೆ ಹೆಸರು ಕೊಡಿ. ರಾತ್ರಿ ಹೊತ್ತು ರಿಂಗ್ ರೋಡಿನಲ್ಲಿ ಬೇಡ ಗುರುವೇ! ಪಟ್ಟಿಯಲ್ಲಿ ಎದುರಿಂದ ಲಾರಿ ಬರುವುದಿಲ್ಲ, ಹಾಲಿನ ಕ್ಯಾನು ಹೊತ್ತ ಸೈಕಲ್ಲೂ ಅಡ್ಡ ಬರುವುದಿಲ್ಲ, ಆಂಬುಲೆನ್ಸ್ ಪಕ್ಕದಲ್ಲೇ ನಿಂತಿರುತ್ತದೆ.

ಸಿನಿಮಾದಲ್ಲಿ ಕಪ್ಪು ಷೆವರ್ಲೆ ಹೊತ್ತಿ ಉರಿದರೂ ಹ್ಯಾರಿಸನ್ ಫೋರ್ಡ್ ಎದ್ದು ಬಂದ, ಆಮೇಲೆ ದೊಡ್ಡ ಸ್ಟಾರ್ ಆದ. ರಸ್ತೆಯಲ್ಲಿ ರೀಟೇಕ್ ಇಲ್ಲ!