ಸೋತವರಿಗೂ ಮುಂದಿನ ಭಾನುವಾರವಿದೆ

ಜನವರಿಯ ಭಾನುವಾರ, ಇನ್ನೂ ನಸುಕು. ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಊರು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಸಿಗುತ್ತದೆ. ಒಣಮೆಣಸಿನಕಾಯಿಯ ಘಾಟು, ಅದಕ್ಕೆ ಬೆರೆತ ಗೋಣಿಚೀಲದ ವಾಸನೆ, ನಡುವೆ ಎಲ್ಲೋ ಚಹಾದಂಗಡಿಯಲ್ಲಿ ಜಜ್ಜಿದ ಶುಂಠಿ. ಹೊಸಬರು ಸೀನುತ್ತ ಕರವಸ್ತ್ರ ಹುಡುಕುತ್ತಾರೆ, ಊರವರು ಅದನ್ನು ಗಮನಿಸುವುದೂ ಇಲ್ಲ. ಕಾಯಿಯ ಹಂಗಾಮು ಏರುತ್ತಿರುವ ದಿನಗಳಿವು. ಸೋಮವಾರ, ಗುರುವಾರ ಮಾರುಕಟ್ಟೆ. ಹಾಗಾಗಿ ಭಾನುವಾರವೇ ಚೀಲ ಹೇರಿದ ಗಾಡಿಗಳು ಎಪಿಎಂಸಿ ಅಂಗಳದ ದಾರಿ ಹಿಡಿದಿರುತ್ತವೆ. ಚಹಾ ಮುಗಿಸಿ, ಆ ಸಾಲನ್ನು ಬಿಟ್ಟು ಪಕ್ಕದ ಓಣಿಗೆ ಹೊರಳಿ. ಬೇವಿನ ಮರ ದಾಟಿದರೆ ಶಾಲೆಯ ಬಯಲು. ಅಲ್ಲಿ ಇಬ್ಬರು ಅಪ್ಪಂದಿರು ಹಗ್ಗ ಹಿಡಿದು ನೆಲ ಅಳೆಯುತ್ತಿದ್ದಾರೆ.

ಒಬ್ಬರು ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರು, ಇನ್ನೊಬ್ಬರು ಟೇಲರ್. ಟೇಲರ್ ಅಣ್ಣನ ಕೊರಳಲ್ಲಿ ಅಂಗಡಿಯ ಟೇಪು ಹಾಗೇ ನೇತಾಡುತ್ತಿದೆ. ಆದರೆ ಈ ಅಳತೆಗೆ ಅದು ಸಾಲದು. ದೊಡ್ಡವರ ಖೋ ಖೋ ಅಂಕಣವೆಂದರೆ 27 ಮೀಟರ್ ಉದ್ದ, 16 ಮೀಟರ್ ಅಗಲ. ಹಗ್ಗಕ್ಕೆ ಮೊದಲೇ ಗಂಟು ಹಾಕಿಟ್ಟುಕೊಂಡಿದ್ದಾರೆ. ಹಮಾಲಿ ಅಣ್ಣ ಒಂದು ತುದಿಯನ್ನು ಹೆಬ್ಬೆರಳಿನಡಿ ಒತ್ತಿ ಹಿಡಿದರೆ ಟೇಲರ್ ಅಣ್ಣ ತಳಕ್ಕೆ ತೂತು ಹೊಡೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ಹಿಂದಕ್ಕೆ ನಡೆಯುತ್ತಾರೆ. ಕೆಂಪು ಮಣ್ಣಿನ ಮೇಲೆ ಬಿಳಿ ಗೆರೆ ನಿಧಾನವಾಗಿ ಮೂಡುತ್ತದೆ. ಎರಡು ತುದಿಗೆ ಎರಡು ಕಂಬ, ನಡುವಿನ ಪಟ್ಟಿಯಲ್ಲಿ ಕೂರುವವರಿಗೆ ಎಂಟು ಚೌಕ. ಕಂಬದ ಎತ್ತರ 120ರಿಂದ 125 ಸೆಂಟಿಮೀಟರ್ ಒಳಗೇ ಇರಬೇಕು, ಮೈಗೆ ತರಚದಷ್ಟು ನುಣುಪಾಗಿರಬೇಕು. ಹಮಾಲಿ ಅಣ್ಣ ಎರಡನ್ನೂ ಅಂಗೈಯಿಂದ ಮೇಲಿಂದ ಕೆಳಗೆ ಸವರಿ ನೋಡಿ, ಸಿಬಿರು ಸಿಕ್ಕ ಕಡೆ ಮರಳುಕಾಗದದಿಂದ ಉಜ್ಜುತ್ತಾರೆ. ದಿನವಿಡೀ ಚೀಲ ಎತ್ತಿ ಗಟ್ಟಿಯಾದ ಆ ಅಂಗೈಗೂ ಸಿಬಿರು ತಾಗುತ್ತದೆ ಎಂದರೆ ಮಗಳ ಕೆನ್ನೆಗೆ ತಾಗದೇ ಇದ್ದೀತೇ ಎಂಬುದು ಅವರ ಲೆಕ್ಕ.

ಅಷ್ಟರಲ್ಲಿ ಹುಡುಗಿಯರು ಬರತೊಡಗುತ್ತಾರೆ. ಇಬ್ಬಿಬ್ಬರು ಒಂದೇ ಸೈಕಲ್ಲಿನಲ್ಲಿ, ಕೆಲವರು ಅಪ್ಪನ ಬೈಕಿನ ಹಿಂದೆ, ಒಬ್ಬಳು ತಮ್ಮನ ಕೈ ಹಿಡಿದು ನಡೆದೇ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದು ಮೇಲೆ ಮಡಚಿ ಕಟ್ಟಿದ ಎರಡು ಜಡೆ. ಸ್ವೆಟರ್ ಬಿಚ್ಚಿ ಗೋಡೆಯ ಮೇಲೆ ಸಾಲಾಗಿ ಇಟ್ಟು ಬಯಲನ್ನು ಸುತ್ತು ಹಾಕುತ್ತಾರೆ. ಮೊದಲ ಸುತ್ತಿನಲ್ಲಿ ಮಾತು ಜಾಸ್ತಿ, ಎರಡನೆಯದರಲ್ಲಿ ಉಸಿರು ಜಾಸ್ತಿ. ಮೂರನೆಯ ಸುತ್ತಿಗೆ ಬರಿಗಾಲುಗಳ ದಪದಪ ಸದ್ದೊಂದೇ ಉಳಿಯುತ್ತದೆ.

ಈಗ ಅಂಕಣದ ಅಂಚಿಗೆ ಬಂದು ನಿಲ್ಲಿ. ಎಂಟು ಮಂದಿ ಚೌಕಗಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ, ಒಬ್ಬಳು ಈ ಕಡೆ ಮುಖ ಮಾಡಿದರೆ ಪಕ್ಕದವಳು ಆ ಕಡೆ. ಒಂಬತ್ತನೆಯವಳು ಕಂಬದ ಪಕ್ಕ ನಿಂತಿದ್ದಾಳೆ. ಎದುರು ತಂಡದ ಮೂವರು ಒಳಗೆ ಬರುತ್ತಾರೆ. ಸೀಟಿ ಬಿದ್ದದ್ದೇ ತಡ, ಬಯಲಿನ ಗತಿಯೇ ಬದಲಾಗುತ್ತದೆ. ಓಡುವವಳು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟಿಸುವವಳಿಗೆ ಆ ಸ್ವಾತಂತ್ರ್ಯವಿಲ್ಲ: ಹಿಡಿದ ದಿಕ್ಕು ಬಿಡುವಂತಿಲ್ಲ, ನಡುಗೆರೆ ದಾಟುವಂತಿಲ್ಲ, ಕಂಬ ಸುತ್ತಿಯೇ ಹೊರಳಬೇಕು. ಅವಳಿಗಿರುವ ದಾರಿ ಒಂದೇ. ಕೂತವಳ ಬೆನ್ನಿಗೆ ಕೈ ತಾಗಿಸಿ ಗಟ್ಟಿಯಾಗಿ "ಖೋ" ಎನ್ನುವುದು, ತನ್ನ ಓಟವನ್ನು ಅವಳಿಗೆ ಕೊಟ್ಟು ಅವಳ ಜಾಗದಲ್ಲಿ ತಾನು ಕೂರುವುದು. ಎಷ್ಟೇ ಜೋರಾಗಿ ಓಡಬಲ್ಲ ಹುಡುಗಿಯೂ ಸರಿಯಾದ ಹೊತ್ತಿಗೆ ಕೂರಲು ಕಲಿಯದಿದ್ದರೆ ತಂಡ ಗೆಲ್ಲುವುದಿಲ್ಲ. ದೊಡ್ಡವರಿಗೆ 9 ನಿಮಿಷದ ಸರದಿ, ಚಿಕ್ಕವರಿಗೆ 7. ಹೊರಗೆ ನಿಂತವರಿಗೆ ಏಳು ನಿಮಿಷ ಏನೂ ಅಲ್ಲ. ಒಳಗಿರುವವರ ಎದೆಗೂಡು ಕೊನೆಯ ನಿಮಿಷದಲ್ಲಿ ಏರಿಳಿಯುವುದನ್ನು ನೋಡಿದರೆ ಅದೆಷ್ಟು ದೀರ್ಘವೆಂದು ತಿಳಿಯುತ್ತದೆ.

ಈ ತಂಡ ಹುಟ್ಟಿದ್ದು ಒಂದು ಸೋಲಿನಿಂದ. ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳು ಎಲ್ಲ ಪಾಲಕರಿಗೂ ಗೊತ್ತು: ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ಆಮೇಲೆ ಬೆಳಗಾವಿ ವಿಭಾಗ, ಕೊನೆಗೆ ರಾಜ್ಯ. ಗೆದ್ದವರು ಹತ್ತುತ್ತಾರೆ. ಸೋತವರು ಅಂದೇ ಮನೆಗೆ. ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಮಕ್ಕಳು ತಾಲ್ಲೂಕಿನಲ್ಲಿ ಸೋತರು. ಅಳು ಒಂದು ತಾಸಿನಲ್ಲಿ ನಿಂತಿತು. ಆದರೆ ಮರುದಿನದಿಂದ ಆಡಲು ಕಾರಣವೇ ಉಳಿಯಲಿಲ್ಲ, ಮುಂದಿನ ಪಂದ್ಯ ಬರುವುದು ಮುಂದಿನ ವರ್ಷ. ಹನ್ನೆರಡು ವರ್ಷದ ಹುಡುಗಿಗೆ ಒಂದು ವರ್ಷವೆಂದರೆ ಬಲು ದೂರ. ಅಷ್ಟರಲ್ಲಿ ಅವಳು ಆಟ ಬಿಟ್ಟಿರುತ್ತಾಳೆ, ಇಲ್ಲವೇ ಮನೆಯವರು ಬಿಡಿಸಿರುತ್ತಾರೆ. ಶಾಲೆಯ ಕಟ್ಟೆಯ ಮೇಲೆ ಕೂತ ಕೆಲವು ಪಾಲಕರ ನಡುವೆ ಆ ಸಂಜೆ ಬಂದ ಮಾತು ಸರಳವಾಗಿತ್ತು: ಸೋತ ಮಕ್ಕಳಿಗೂ ಆಡಲು ಇನ್ನೊಂದು ಪಂದ್ಯ ಬೇಕು. ನಮ್ಮೂರಲ್ಲಿ ಎದುರಾಳಿ ಇಲ್ಲದಿದ್ದರೆ ಹಾವೇರಿಗೆ ಹೋಗೋಣ, ರಾಣೆಬೆನ್ನೂರಿಗೆ ಹೋಗೋಣ. ಅಲ್ಲಿಯೂ ಸೋತ ಮಕ್ಕಳು ಇದ್ದೇ ಇರುತ್ತಾರೆ.

ಮಾತು ಸರಳ, ಮನೆಮನೆಗೆ ಹೋಗಿ ಒಪ್ಪಿಸುವುದು ಅಷ್ಟು ಸರಳವಾಗಿರಲಿಲ್ಲ. ಬಯಲು ಬಳಸಲು ಹೆಡ್‌ಮಾಸ್ತರರಿಗೆ ಅರ್ಜಿ, ಭಾನುವಾರದ ನಿದ್ದೆ ಬಿಟ್ಟು ಬರಲು ಪಿ.ಟಿ. ಮಾಸ್ತರರಿಗೆ ವಿನಂತಿ, ವಯಸ್ಸಿನ ದಾಖಲೆ, ಪಾಲಕರ ಸಹಿ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಇವೆಲ್ಲ ಓಡಾಡಿದರೆ ಆಗುವ ಕೆಲಸ. ನಿಜವಾಗಿ ಕಾಡಿದ ಪ್ರಶ್ನೆ ಬೇರೆ: ದೊಡ್ಡವಳಾಗುತ್ತಿರುವ ಹುಡುಗಿಯನ್ನು ಪರವೂರಿಗೆ ಆಟಕ್ಕೆ ಕಳಿಸುವುದೇ? ಅದಕ್ಕೆ ಉತ್ತರ ಬಂದದ್ದು ಒಬ್ಬ ತಾಯಿಯಿಂದ. ಅವರು ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವರು. "ಮಣ್ಣಾಗ ಬಿದ್ರ ಏನಾಕ್ಕತ್ರಿ, ತೊಳದ್ರ ಹೊಕ್ಕತಿ. ನಾನೂ ಜೋಡಿ ಬರ್ತೀನಿ, ಹೋಗಲಿ ಬಿಡ್ರಿ" ಅಂದರು. ಅಂದಿನಿಂದ ಪ್ರತಿ ಪ್ರಯಾಣಕ್ಕೂ ಇಬ್ಬರು ತಾಯಂದಿರು ಜೊತೆಗಿರಬೇಕೆಂಬುದು ತಂಡದ ಮೊದಲ ನಿಯಮವಾಯಿತು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಬಲ್ಲದು. ನೆರಿಗೆ ಬಿದ್ದ ಡಬ್ಬಿ ಕಾಯಿ, ಉದ್ದನೆಯ ಕಡ್ಡಿ ಕಾಯಿ ಎರಡೂ ಈ ಊರಿನ ಹೆಸರಲ್ಲಿ ದೂರ ದೂರ ಹೋಗುತ್ತವೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಖಾರ ಕಡಿಮೆ ಎಂಬುದನ್ನು ಮಾತ್ರ ದಿನವಿಡೀ ತೊಟ್ಟು ಬಿಡಿಸಿದ ಬೆರಳುಗಳನ್ನು ಕೇಳಿ ಒಪ್ಪಬೇಕು. ಡೈವ್ ಹೊಡೆದು ಮಗಳ ಮೊಣಕಾಲು ತರಚಿದಾಗ ಆ ತಾಯಿ ಓಡಿ ಬರುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ, ಬಾಯಿಂದ ಗಾಳಿ ಊದುತ್ತಾರೆ. ಮುಟ್ಟುವುದಿಲ್ಲ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಖಾರ ಉಳಿದಿರುತ್ತದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಅಕ್ಕಾ, ನೀವು ಹಚ್ಚರಿ" ಎಂದು ಇನ್ನೊಬ್ಬ ತಾಯಿಯಿಂದ ಮುಲಾಮು ಹಚ್ಚಿಸುತ್ತಾರೆ.

ಇಂದು ಆಟ ಹಾವೇರಿಯಲ್ಲಿ. ಅಭ್ಯಾಸ ಮುಗಿಸಿದ ಹುಡುಗಿಯರು ಬುತ್ತಿಯ ಚೀಲ ಹೊತ್ತು ನಿಲ್ದಾಣಕ್ಕೆ ಬಂದಾಗ ಬಿಸಿಲು ಸ್ವಲ್ಪ ಏರಿದೆ. ವಾಯವ್ಯ ಸಾರಿಗೆಯ ಕೆಂಪು ಬಸ್ಸು ಬಂದು ನಿಲ್ಲುತ್ತದೆ. "ಎಲ್ಲಿಗೆ ಹೊಂಟೀರವಾ ಎಲ್ಲಾರೂ?" ಎಂದು ಕಂಡಕ್ಟರ್ ಕೇಳಿದರೆ ಹಿಂದಿನ ಸೀಟಿನಿಂದ "ಖೋ ಆಡಾಕ್ರೀ" ಎಂದು ಒಕ್ಕೊರಲ ಉತ್ತರ. ಆಧಾರ್ ಕಾರ್ಡುಗಳು ಒಂದೊಂದಾಗಿ ಹೊರಬರುತ್ತವೆ, ಯಂತ್ರದಿಂದ ಶೂನ್ಯ ಮೊತ್ತದ ಟಿಕೆಟುಗಳು ಸರಸರ ಇಳಿಯುತ್ತವೆ. ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಗದಿದ್ದರೆ ಹಮಾಲರ, ಟೇಲರರ ಮಕ್ಕಳ ಈ ತಂಡ ಊರಿಂದೂರಿಗೆ ತಿರುಗುವುದು ಕನಸಿನ ಮಾತಾಗಿತ್ತು. ಹುಡುಗರ ತಂಡ ಕಟ್ಟುವವರು ಮೊದಲು ಬಸ್ ಚಾರ್ಜಿನ ಲೆಕ್ಕ ಹಾಕಬೇಕು, ಹುಡುಗಿಯರ ತಂಡಕ್ಕೆ ಆ ಚಿಂತೆ ಇಲ್ಲ. ಟಿಕೆಟ್ ಕೊಳ್ಳಬೇಕಾದವರು ನಾವು ಅಪ್ಪಂದಿರು ಮಾತ್ರ.

ಮೋಟೆಬೆನ್ನೂರಿನಲ್ಲಿ ಬಸ್ಸು ರಾಷ್ಟ್ರೀಯ ಹೆದ್ದಾರಿ 48 ಸೇರುತ್ತದೆ. 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದ ಮೈಲಾರ ಮಹಾದೇವಪ್ಪನವರ ಊರಿದು. ಆಗ ಅವರಿನ್ನೂ ಇಪ್ಪತ್ತು ತುಂಬದ ಹುಡುಗ. ಪಿ.ಟಿ. ಮಾಸ್ತರರು ಪ್ರತಿ ಸಲವೂ ಇದನ್ನು ಹೇಳುತ್ತಾರೆ, ಮಕ್ಕಳು ಪ್ರತಿ ಸಲವೂ ಕಿಟಕಿಗೆ ಮುಖ ಒತ್ತಿ ಊರನ್ನು ನೋಡುತ್ತಾರೆ. ಕೊಯ್ಲು ಮುಗಿದ ಮೆಕ್ಕೆಜೋಳದ ಹೊಲ, ಕಣದಲ್ಲಿ ಹರವಿದ ಕೆಂಪು ಕಾಯಿ, ಕಬ್ಬಿನ ಟ್ರ್ಯಾಕ್ಟರ್ ಹಿಂದಕ್ಕೆ ಸರಿಯುತ್ತವೆ.

ಹಾವೇರಿಯಲ್ಲಿ ಆಟಕ್ಕಿರುವ ದೊಡ್ಡ ಬಯಲೆಂದರೆ ಸ್ವಾತಂತ್ರ್ಯ ಹೋರಾಟಗಾರ ಹೊಸಮನಿ ಸಿದ್ದಪ್ಪನವರ ಹೆಸರಿನ ಜಿಲ್ಲಾ ಕ್ರೀಡಾಂಗಣ. 1997ರ ಆಗಸ್ಟ್ 24ರವರೆಗೆ ನಮ್ಮ ತಾಲ್ಲೂಕುಗಳಿಗೆ ಜಿಲ್ಲೆ ಎಂದರೆ ಧಾರವಾಡವೇ ಆಗಿತ್ತು. ಈಗ ಜಿಲ್ಲೆಯ ಬಯಲು ಬಸ್ಸಿಗೆ ಇಷ್ಟು ಹತ್ತಿರ. ಎದುರಾಳಿ ಹುಡುಗಿಯರು ಮೊದಲೇ ಬಂದು ನೆರಳಲ್ಲಿ ಕಾದಿದ್ದಾರೆ. ಮೊದಲ ಹತ್ತು ನಿಮಿಷ ಎರಡೂ ತಂಡ ಒಬ್ಬರನ್ನೊಬ್ಬರು ಕೆಳಗಣ್ಣಿನಲ್ಲಿ ಅಳೆಯುತ್ತವೆ. ಪಂದ್ಯ ಮುಗಿದು ಬುತ್ತಿ ಬಿಚ್ಚಿದ ಮೇಲೆ ಯಾರು ಯಾವ ಊರಿನವರೋ ಗೊತ್ತಾಗುವುದಿಲ್ಲ. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು ಒಂದೇ ಪತ್ರಿಕೆಯ ಹಾಳೆಯ ಮೇಲೆ ಹರಡುತ್ತವೆ. ಏಲಕ್ಕಿ ಮಾಲೆಗೆ ಹೆಸರಾದ ಊರಲ್ಲವೇ, ಆತಿಥೇಯರ ಚಹಾದಲ್ಲೂ ಏಲಕ್ಕಿಯ ಪರಿಮಳ.

ಮುಂದಿನ ಸರದಿ ರಾಣೆಬೆನ್ನೂರಿನದು. ಹತ್ತಿಯ, ಬಿತ್ತನೆ ಬೀಜದ ವ್ಯಾಪಾರಕ್ಕೆ ಹೆಸರಾದ ಊರು; ಬೀಜದ ಕಂಪನಿಗಳ ಫಲಕಗಳು ದಾರಿಯುದ್ದಕ್ಕೂ ಕಾಣುತ್ತವೆ. ಊರಾಚೆ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ, 1974ರಲ್ಲಿ ಘೋಷಣೆಯಾದದ್ದು. ಅಲ್ಲಿನ ಹುಡುಗಿಯರಲ್ಲಿ ಒಬ್ಬಳು ಆ ಕೃಷ್ಣಮೃಗದ ಹಾಗೆಯೇ ಓಡುತ್ತಾಳೆ, ನೇರ ಹೋಗುತ್ತಿದ್ದಾಳೆ ಎನ್ನುವಷ್ಟರಲ್ಲಿ ತಟ್ಟನೆ ಹೊರಳಿ ಎರಡು ಚೌಕದ ಆಚೆ. ಕಳೆದ ಸಲ ನಮ್ಮ ಮಕ್ಕಳು ಅವಳೆದುರು ಸೋತು ಬಂದರು. ಬಸ್ಸಿನಲ್ಲಿ ಅಳು ಇರಲಿಲ್ಲ. ಅವಳು ಯಾವ ಕಾಲಿನ ಮೇಲೆ ಹೊರಳುತ್ತಾಳೆ ಎಂಬ ಚರ್ಚೆ ಊರು ಮುಟ್ಟುವವರೆಗೂ ನಡೆಯಿತು. ಮುಂದಿನ ಭಾನುವಾರ ಗೊತ್ತಿದ್ದವರು ಸೋಲನ್ನು ಹೀಗೆ ಪಾಠ ಮಾಡಿಕೊಳ್ಳುತ್ತಾರೆ.

ಮನೆಯ ಮಕ್ಕಳಿಗೆಂದು ಹಿರಿಯರು ಆಟ ಕಟ್ಟಿಕೊಡುವುದು ಎಲ್ಲ ಕಡೆಯೂ ನಡೆದಿದೆ. ಅಮೆರಿಕದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬಾತ ತನ್ನ ಸೋದರಳಿಯಂದಿರ ವಯಸ್ಸಿನ ಪುಟ್ಟ ಹುಡುಗರಿಗೆ ಬೇಸ್‌ಬಾಲ್ ಆಡಲು ಜಾಗವಿಲ್ಲವೆಂದು 1939ರಲ್ಲಿ ಮೂರು ತಂಡ ಕಟ್ಟಿದ. ಅದೇ ಬೆಳೆದು ಲೋಕವೆಲ್ಲ ಹಬ್ಬಿದ ಲಿಟಲ್ ಲೀಗ್ ಆಯಿತು. ನಮ್ಮಲ್ಲೂ ಮೂರು ಊರು, ಮೂರು ತಂಡ. ಆದರೆ ನಮ್ಮ ಮಕ್ಕಳ ಕಣ್ಣ ಮುಂದೆ ಇರುವ ದಾರಿ ಖೋ ಖೋದ್ದು. 14ರೊಳಗಿನ ಹುಡುಗಿಯರ ರಾಷ್ಟ್ರೀಯ ಟೂರ್ನಿಯ ಶ್ರೇಷ್ಠ ಆಟಗಾರ್ತಿಗೆ ಇಳಾ ಪ್ರಶಸ್ತಿ, 18ರೊಳಗಿನವರಿಗೆ ಜಾನಕಿ ಪ್ರಶಸ್ತಿ ಎಂಬುದು ಅವರಿಗೆ ಬಾಯಿಪಾಠ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಎರಡೂ ತಂಡಗಳು ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದವು. ಹೆಣ್ಣುಮಕ್ಕಳ ಅಂಕ 78–40. ಆ ತಂಡದಲ್ಲಿ ತಿ. ನರಸೀಪುರ ಕಡೆಯ ಹಳ್ಳಿಯ ಹುಡುಗಿ ಬಿ. ಚೈತ್ರಾ ಇದ್ದರು, ಗಂಡುಮಕ್ಕಳ ತಂಡದಲ್ಲಿ ನಮ್ಮದೇ ರಾಜ್ಯದ ಎಂ.ಕೆ. ಗೌತಮ್ ಇದ್ದರು. ಮೊಬೈಲಿನಲ್ಲಿ ಆ ಪಂದ್ಯದ ತುಣುಕು ನೋಡುವಾಗ ನಮ್ಮ ಮಕ್ಕಳು ಕೇಳಿದ್ದು ಒಂದೇ: "ಅವರೂ ಮಣ್ಣಾಗ ಆಡೇ ಕಲತದ್ದೇನ್ರಿ ಸರ?"

ತಂಡ ನಡೆಸುತ್ತ ನಾವೂ ಕಲಿತಿದ್ದೇವೆ. ಗೆರೆಯ ಹೊರಗೆ ನಿಂತ ಪಾಲಕರು ಕೂಗಿ ಹೇಳಿಕೊಡಬಾರದು, ಒಳಗೆ ಮಾತಾಡುವ ಹಕ್ಕು ಮಾಸ್ತರರದು. ಬಂದ ಪ್ರತಿ ಹುಡುಗಿಗೂ ಒಂದು ಸರದಿಯಾದರೂ ಆಡಲು ಸಿಗಬೇಕು, ನಿಧಾನ ಓಡುವವಳಿಗೂ. ಹೋಗುವ ಬಯಲಿನಲ್ಲಿ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂದು ಮೊದಲೇ ಕೇಳಿ ಹೊರಡಬೇಕು. ಮಾರ್ಚ್ ಹತ್ತಿರವಾದರೆ ಪರೀಕ್ಷೆಗೆ ಬಿಡುವು ಕೊಡಬೇಕು, ಏಪ್ರಿಲ್‌ನಲ್ಲಿ ಮತ್ತೆ ಕರೆಯಲು ಮರೆಯಬಾರದು. ಎಷ್ಟೋ ತಂಡಗಳು ಒಡೆಯುವುದು ಈ ಮರೆವಿನಿಂದಲೇ.

ನಿಮ್ಮ ಊರಿನಲ್ಲೂ ಮಳೆಗಾಲದಲ್ಲಿ ಸೋತು ಬಂದ ಮಕ್ಕಳಿದ್ದಾರೆ. ಖೋ ಖೋಗೆ ಚೆಂಡು ಬೇಡ, ಬ್ಯಾಟು ಬೇಡ. ಎರಡು ಕಂಬ, ಒಂದು ಹಗ್ಗ, ಒಂದು ಡಬ್ಬಿ ಸುಣ್ಣ ಸಾಕು. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಪ್ರತಿ ಭಾನುವಾರ ತಪ್ಪದೆ ಬಂದು ನಿಲ್ಲುವ ನಾಲ್ಕು ಮಂದಿ ಹಿರಿಯರು. ಶಾಲೆಯ ಹೆಡ್‌ಮಾಸ್ತರರನ್ನು ಈ ವಾರವೇ ಕಂಡು ಬಯಲು ಕೇಳಿ, ಪಕ್ಕದ ಊರಿನ ಪಾಲಕರಿಗೆ ಫೋನು ಮಾಡಿ, ಒಂದು ಪಂದ್ಯ ಗೊತ್ತು ಮಾಡಿ. ನಿಮ್ಮ ಮಕ್ಕಳು ಹಾವೇರಿ ಜಿಲ್ಲೆಯವರಾದರೆ ನಮ್ಮೂರಿಗೇ ಕರೆತನ್ನಿ, ಅಂಕಣ ಗೆರೆ ಹಾಕಿ ಸಿದ್ಧವಿರುತ್ತದೆ.