ಮನೆಯ ದೀಪ ಮಂಕಾದರೆ

ಎಣ್ಣೆಯೆರೆದು ಬತ್ತಿ ಹೊಸೆದು ದೀಪವನ್ನು ಉರಿಸುತ್ತಿದ್ದ ಕಾಲದಲ್ಲಿ ಬೆಳಕು ಕುಂದಿದರೆ ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಎಣ್ಣೆ ತೀರಿರುವುದು, ಬತ್ತಿಯ ತುದಿ ಕರಕಾಗಿರುವುದು, ಲಾಂದ್ರದ ಗಾಜಿಗೆ ಮಸಿ ಹಿಡಿದಿರುವುದು, ಇಷ್ಟೆ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರು ನಗರಕ್ಕೂ ಬಂದಂದಿನಿಂದ ನಮ್ಮ ನಾಡಿನಲ್ಲಿ ಈ ಸಲಿಗೆಯು ಮೆಲ್ಲಮೆಲ್ಲನೆ ತಪ್ಪುತ್ತ ಬಂದಿತು. ಈಗ ಎಣ್ಣೆಯ ಬದಲು ಗೋಡೆಯೊಳಗಣ ತಂತಿಯಲ್ಲಿ ಹರಿದು ಬರುವ ಶಕ್ತಿಯು ಕಣ್ಣಿಗೆ ಕಾಣಿಸದು. ಆದುದರಿಂದ ದೀಪ ಮಂಕಾದೊಡನೆ ನಾವು ಮಾಡುವ ಕೆಲಸವೊಂದೇ: ಅಂಗಡಿಯಿಂದ ಇನ್ನೊಂದು ಬಲ್ಬನ್ನು ಕೊಂಡುತರುವುದು. ಬಹಳ ಸಂದರ್ಭಗಳಲ್ಲಿ ಇದರಿಂದ ಕೇಡೇನೂ ಇಲ್ಲ. ಆದರೆ ಕೆಲವು ಸಲ ಈ ಮಂಕುತನವು ಬೆಂಕಿಯ ಮುನ್ಸೂಚನೆಯಾಗಿರುವುದುಂಟು. ಅದನ್ನು ಬೇರ್ಪಡಿಸಿ ತಿಳಿಯುವ ಬಗೆಯನ್ನು ವಾಚಕರಿಗೆ ಅರಿಕೆಮಾಡುವೆವು.

ಮೊದಲು ನೋಡತಕ್ಕುದು, ಮಂಕಾಗಿರುವುದು ಒಂದು ದೀಪವೊ, ಇಡಿಯ ಮನೆಯೊ, ಬೀದಿಯೆಲ್ಲವೊ ಎಂಬುದನ್ನು. ಒಂದೇ ದೀಪವಾದರೆ, ಸ್ವಿಚ್ಚನ್ನು ಆರಿಸಿ, ಬಲ್ಬು ತಣ್ಣಗಾದ ಮೇಲೆ ಅದನ್ನು ಪಕ್ಕದ ಕೋಣೆಯ ಬಲ್ಬಿನೊಡನೆ ಅದಲುಬದಲು ಮಾಡಿ ನೋಡಬೇಕು. ಮಂಕುತನವು ಬಲ್ಬಿನೊಡನೆಯೇ ಹೋದರೆ ದೋಷವು ಬಲ್ಬಿನದು. ಇದ್ದಲ್ಲಿಯೇ ಉಳಿದರೆ ಹೋಲ್ಡರಿನದು ಅಥವಾ ತಂತಿಯದು. ಎಲ್‌ಇಡಿ ಬಲ್ಬು ಕಾಲಕ್ರಮದಲ್ಲಿ ತಾನಾಗಿಯೇ ಕ್ಷೀಣಿಸುವುದು. ಕಾವು ಅದಕ್ಕೆ ದೊಡ್ಡ ಶತ್ರು. ಗಾಳಿಯಾಡದ ಗಾಜಿನ ಗೋಳದೊಳಗೆ ಅದನ್ನು ಮುಚ್ಚಿಟ್ಟವರು ಅದರ ಆಯುಸ್ಸನ್ನು ತಾವೇ ಕಡಮೆ ಮಾಡಿದಂತಾಯಿತು. ಹೊಸದನ್ನು ಕೊಳ್ಳುವಾಗ ವ್ಯಾಟನ್ನಲ್ಲ, ಡಬ್ಬಿಯ ಮೇಲೆ ಅಚ್ಚಾಗಿರುವ ಲ್ಯೂಮೆನ್ ಎಂಬ ಬೆಳಕಿನ ಅಳತೆಯನ್ನು ನೋಡಬೇಕು. ಹಳೆಯ 60 ವ್ಯಾಟಿನ ಬಲ್ಬಿನಷ್ಟು ಬೆಳಕಿಗೆ ಸುಮಾರು 700ರಿಂದ 800 ಲ್ಯೂಮೆನ್ ಬೇಕು. ಅಡಿಗೆಮನೆಯ ದೀಪವನ್ನಂತೂ ಎಸೆಯುವ ಮುಂಚೆ ಒಣಬಟ್ಟೆಯಿಂದ ಒರಸಿ ನೋಡುವುದು ಲೇಸು. ಒಗ್ಗರಣೆಯ ಜಿಡ್ಡು ಕದಿಯುವ ಬೆಳಕು ಅಲ್ಪವಲ್ಲ.

ಮನೆಯಲ್ಲಿ ಒಬ್ಬರಿಗೆ ಮಾತ್ರ ದೀಪ ಮಂಕಾಗಿ ಕಾಣುವುದೂ ಉಂಟು. ಇಪ್ಪತ್ತರ ಪ್ರಾಯದವರ ಕಣ್ಣಿನೊಳಕ್ಕೆ ಇಳಿಯುವ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಅರುವತ್ತು ದಾಟಿದವರ ಕಣ್ಣಿಗೆ ದೊರೆಯುವುದು. ಅಜ್ಜಿಯು ದೀಪವನ್ನು ದೂರುತ್ತಿರುವಾಗ ಮೊಮ್ಮಕ್ಕಳು ನಗಬಾರದು. ಓದುವ ಜಾಗದಲ್ಲಿ ಇನ್ನೊಂದು ದೀಪವನ್ನು ಇರಿಸಿಕೊಟ್ಟು, ಕಣ್ಣಿಗೆ ಪೊರೆ ಬಂದಿದೆಯೇ ಎಂದು ವೈದ್ಯರಲ್ಲಿ ತೋರಿಸಬೇಕು.

ಬೀದಿಯೆಲ್ಲ ಮಂಕಾದರೆ ಅದು ಬರುವ ವಿದ್ಯುತ್ತಿನ ಒತ್ತಡದ ಕೊರತೆ. ನಮ್ಮ ಮನೆಗಳಿಗೆ 230 ವೋಲ್ಟ್ ಬರತಕ್ಕುದು. ಹಳೆಯ ತಂತಿಯ ಬಲ್ಬಿನಲ್ಲಿ ಹತ್ತರಲ್ಲೊಂದು ಪಾಲು ಒತ್ತಡ ಕುಂದಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ಕುಂದುವುದು. ಒಳ್ಳೆಯ ಎಲ್‌ಇಡಿ ದೀಪಗಳು ಈ ಕೊರತೆಯನ್ನು ತೋರ್ಪಡಿಸದೆ ಮರೆಮಾಚುವುವು. ಆಗ ಫ್ಯಾನಿನ ನಿಧಾನಗತಿಯನ್ನು ಗಮನಿಸಬೇಕು. ಫ್ರಿಜ್ಜು, ನೀರೆತ್ತುವ ಪಂಪು ಮೊದಲಾದವನ್ನು ಅಂಥ ಹೊತ್ತಿನಲ್ಲಿ ಓಡಿಸುವುದು ಸರಿಯಲ್ಲ. ಅವುಗಳ ಮೋಟಾರು ಕಾದು ಸುಡುವ ಸಂಭವವುಂಟು.

ಇನ್ನು ಭಯಪಡತಕ್ಕ ವಿಷಯ. ಗೀಸರನ್ನೊ ಇಸ್ತ್ರಿಪೆಟ್ಟಿಗೆಯನ್ನೊ ಹಾಕಿದೊಡನೆ ನಮ್ಮ ಮನೆಯ ದೀಪಗಳು ಮಾತ್ರ ಕುಗ್ಗಿ, ಅದನ್ನು ಆರಿಸುವವರೆಗೂ ಹಾಗೆಯೇ ಇದ್ದರೆ, ಎಲ್ಲಿಯೊ ತಂತಿಯ ಸಂದು ಸಡಿಲವಾಗಿರುವುದೆಂದು ತಿಳಿಯಬೇಕು. (ಪಂಪು ಹೊರಡುವಾಗ ದೀಪವು ಕ್ಷಣಮಾತ್ರ ಕುಗ್ಗಿ ಮತ್ತೆ ಚೇತರಿಸಿದರೆ ಸಾಮಾನ್ಯವಾಗಿ ಅಂಜಬೇಕಾಗಿಲ್ಲ.) ಸಡಿಲವಾದ ಸಂದು ಒಂದೇ ಓಮ್ ತಡೆಯನ್ನು ಒಡ್ಡಿತೆನ್ನಿ, ಅದರಲ್ಲಿ 10 ಆಂಪಿಯರ್ ಹರಿದರೆ 10 ವೋಲ್ಟ್ ಅಲ್ಲಿಯೇ ನಷ್ಟವಾಗಿ, 100 ವ್ಯಾಟಿನ ಕಾವು ಆ ಬೆರಳಗಲದ ಜಾಗದಲ್ಲಿ ಹುಟ್ಟುವುದು. ಸ್ವಿಚ್ಚಿನ ಪೆಟ್ಟಿಗೆ ಬಿಸಿಯಾಗುವುದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಚಿಟಚಿಟ ಸದ್ದು ಇದರ ಗುರುತುಗಳು. ಇಂಥ ಸಂದನ್ನು ಫ್ಯೂಸಾಗಲಿ ಎಂಸಿಬಿಯಾಗಲಿ ಹಿಡಿಯಲಾರದು. ಮಿತಿಮೀರಿ ವಿದ್ಯುತ್ತು ಹರಿದರೆ ಮಾತ್ರ ಅವು ಕಡಿಯುವುವು, ಇಲ್ಲಿಯೊ ಹರಿವು ಮಿತಿಯೊಳಗೇ ಇರುವುದು. ಬೆಳಕು ಸಾಲದೆಂದು ಸ್ಟೆಬಿಲೈಸರನ್ನು ತಂದು ಕೂಡಿಸುವವರಿದ್ದಾರೆ. ಅದು ಒತ್ತಡವನ್ನು ಏರಿಸಲು ತಂತಿಯಿಂದ ಇನ್ನಷ್ಟು ವಿದ್ಯುತ್ತನ್ನು ಎಳೆದು ಆ ಸಂದನ್ನು ಇನ್ನಷ್ಟು ಕಾಯಿಸುವುದು.

ಇದಕ್ಕಿಂತಲೂ ಕೆಟ್ಟುದು ನ್ಯೂಟ್ರಲ್ ತಂತಿಯು ಕಡಿದುಹೋಗುವುದು. ಮೂರು ಫೇಸಿನ ಮನೆಯಲ್ಲಿ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯ ದೀಪವೊ ಫ್ಯಾನೊ ಎಂದಿಲ್ಲದ ಬಿರುಸನ್ನು ತೋರಿದರೆ ಅದೇ ಗುರುತು. ಕಂಬದ ಕಡೆ ಕಡಿದರೆ ನಮ್ಮ ಮನೆಯಲ್ಲಿ ಮಂಕು, ನೆರೆಮನೆಯಲ್ಲಿ ಪ್ರಖರ, ಹೀಗೂ ಆಗುವುದು. ಎರಡು ಫೇಸುಗಳ ನಡುವೆ 400 ವೋಲ್ಟ್ ಇರುವುದರಿಂದ 230ಕ್ಕೆಂದು ಮಾಡಿದ ಸಾಮಾನುಗಳ ಮೇಲೆ ಅದರ ಬಹುಪಾಲು ಬಿದ್ದರೆ ಅವು ಸುಟ್ಟುಹೋಗುವುವು. ಕೂಡಲೆ ಮೈನ್ ಸ್ವಿಚ್ಚನ್ನು ಆರಿಸಬೇಕು, ನೆರೆಯವರನ್ನೂ ಎಚ್ಚರಿಸಬೇಕು.

ಮೀಟರಿನಿಂದ ಈಚೆಗಿನ ದೋಷಕ್ಕೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನನ್ನು ಕರೆಯಿಸತಕ್ಕುದು. ಮೀಟರಿನ ಮತ್ತು ಕಂಬದ ಕಡೆಯ ಕೆಲಸವು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಮೊದಲಾದ ಸಂಸ್ಥೆಗಳದು. 1912 ಎಂಬ ಸಂಖ್ಯೆಗೆ ಫೋನು ಮಾಡಿ ದೂರನ್ನು ಕೊಡಬಹುದು. ಹಾಗೆ ಕೊಡುವಾಗ “ಕರೆಂಟು ಸರಿಯಿಲ್ಲ” ಎಂದಷ್ಟೇ ಹೇಳದೆ, ಮಂಕಾದುದು ಯಾವ ಯಾವ ಮನೆ, ಪ್ರಖರವಾದುದು ಯಾವುದು, ಎಷ್ಟು ಹೊತ್ತಿಗೆ ಮೊದಲಾಯಿತು ಎಂಬುದನ್ನು ತಿಳಿಸಿದರೆ ಬರುವವನು ನೇರವಾಗಿ ಕಂಬದ ಬಳಿಗೇ ಏಣಿಯನ್ನು ತರುವನು.